ಟಾಮಿ ಜಾನ್ ಸರ್ಜರಿ ಆದರೆ ಪಿಚರ್ ಆಟ ಮುಗಿದ ಹಾಗಾ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಸುದ್ದಿಯಲ್ಲಿ ‘ಈ ಪಿಚರ್‌ಗೆ (ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ) ಟಾಮಿ ಜಾನ್ ಸರ್ಜರಿ’ ಅಂತ ಆಗಾಗ ಓದುತ್ತೇನೆ. ಅಲ್ಲಿಗೆ ಅವರ ಆಟ ಮುಗಿಯಿತು ಅಂತಲೇ?

ಇಲ್ಲ. ಆದರೆ ಇದನ್ನೇ 1974ಕ್ಕೆ ಮುಂಚೆ ಕೇಳಿದ್ದರೆ ಹೌದು ಅನ್ನಬೇಕಾಗುತ್ತಿತ್ತು.

ಟಾಮಿ ಜಾನ್ ಡಾಕ್ಟರ್ ಅಲ್ಲ, ಈ ಮೊಣಕೈ ಸರ್ಜರಿ ಮಾಡಿಸಿಕೊಂಡ ಮೊದಲ ಪಿಚರ್. ಲಾಸ್ ಏಂಜಲಿಸ್ ಡಾಜರ್ಸ್ ತಂಡದ ಎಡಗೈ ಪಿಚರ್. 1974ರಲ್ಲಿ 13 ಪಂದ್ಯ ಗೆದ್ದು, ಮೂರೇ ಸೋತು, ಒಳ್ಳೆ ಫಾರ್ಮ್‌ನಲ್ಲಿದ್ದರು. ಜುಲೈನಲ್ಲಿ ಚೆಂಡು ಎಸೆಯುವಾಗಲೇ ಮೊಣಕೈ ಒಳಬದಿಯ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿ) ಹರಿಯಿತು. ಆಗ ಅವರಿಗೆ 31 ವರ್ಷ.

ಈ ಲಿಗಮೆಂಟೇ ಯಾಕೆ ಹರಿಯುತ್ತದೆ? ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬೌಲರ್ ಓಡಿ ಬಂದು ವೇಗ ಪಡೆಯುತ್ತಾನೆ, ಎಸೆಯುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೆಟ್ಟಗೆ ಮಾಡುವಂತಿಲ್ಲ. ಪಿಚರ್‌ಗೆ ಓಟವೇ ಇಲ್ಲ. ನಿಂತ ಜಾಗದಿಂದಲೇ ಕಾಲು, ಸೊಂಟ, ಭುಜ ತಿರುಗಿಸಿ, ಮಡಚಿದ ಕೈಯನ್ನು ಬೀಸಿ ಎಸೆಯಬೇಕು. 18.44 ಮೀಟರ್ ದೂರಕ್ಕೆ, ಗಂಟೆಗೆ 150 ಕಿ.ಮೀ. ವೇಗದಲ್ಲಿ! ಆ ಎಳೆತದ ದೊಡ್ಡ ಪಾಲು ಈ ಚಿಕ್ಕ ಲಿಗಮೆಂಟಿನ ಮೇಲೇ ಬೀಳುತ್ತದೆ.

ಡಾಕ್ಟರ್ ಫ್ರಾಂಕ್ ಜೋಬ್ ಆವತ್ತಿನವರೆಗೆ ಯಾವ ಪಿಚರ್‌ಗೂ ಮಾಡದ ಕೆಲಸಕ್ಕೆ ಕೈ ಹಾಕಿದರು. ಬಲಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತೆಗೆದು, ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು, ಅದನ್ನು ಪೋಣಿಸಿ ಬಿಗಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅನ್ನುವುದು ಅವರ ಅಂದಾಜಾಗಿತ್ತು. ಆಮೇಲೆ ನರದ ತೊಂದರೆಯಿಂದ ಬೆರಳುಗಳು ಮುದುಡಿಕೊಂಡು ಇನ್ನೊಂದು ಆಪರೇಷನ್ ಆಯಿತು. ಜಾನ್ 1975 ಪೂರ್ತಿ ಆಡಲಿಲ್ಲ. 1976ರಲ್ಲಿ ಮರಳಿದವರು ನಿವೃತ್ತರಾದದ್ದು 1989ರಲ್ಲಿ, 46ನೇ ವಯಸ್ಸಿನಲ್ಲಿ. ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಸರ್ಜರಿ ಆದ ಮೇಲೆ! ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಟವೇ ಇಲ್ಲದ ಆ ಒಂದು ವರ್ಷ. ಮರಳಿ ಬಂದವರು ಇನ್ನೊಬ್ಬರಿಲ್ಲದಾಗ ಅಷ್ಟು ಕಾಯುವುದು ಸುಮ್ನೆ ಮಾತಲ್ಲ, ಅಲ್ವಾ?

ಈಗ ಇದು ಮಾಮೂಲು. ಪಿಚರ್‌ಗಳು ಮೈದಾನಕ್ಕೆ ಮರಳಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ಪಿಚರ್ ಜಸ್ಟಿನ್ ವರ್ಲ್ಯಾಂಡರ್ 2020ರಲ್ಲಿ ಈ ಸರ್ಜರಿ ಮಾಡಿಸಿಕೊಂಡು, 2022ರಲ್ಲಿ 39ನೇ ವಯಸ್ಸಿಗೆ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಎಲ್ಲರಿಗೂ ಹೀಗೆ ಆಗುವುದಿಲ್ಲ. ಕೆಲವರು ಹಳೆಯ ಮಟ್ಟಕ್ಕೆ ಬರುವುದೇ ಇಲ್ಲ, ಕೆಲವರಿಗೆ ಎರಡನೇ ಸಲ ಹರಿಯುತ್ತದೆ.

ಸರ್ಜರಿ ಆದರೆ ಇನ್ನೂ ವೇಗವಾಗಿ ಎಸೆಯಬಹುದು ಅನ್ನುವ ನಂಬಿಕೆಯೂ ಇದೆ. ಅದು ತಪ್ಪು. ಹೊಸ ಟೆಂಡನ್ ವೇಗ ಕೊಡುವುದಿಲ್ಲ. ತಿಂಗಳುಗಟ್ಟಲೆ ಮಾಡುವ ವ್ಯಾಯಾಮದಿಂದ ಮೈ ಗಟ್ಟಿಯಾಗಬಹುದು, ಅದಕ್ಕೆ ಕೈ ಕೊಯ್ಸಿಕೊಳ್ಳಬೇಕಿಲ್ಲ. ಅಮೆರಿಕದಲ್ಲಿ ನಿಮ್ಮ ಮಕ್ಕಳು ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡುತ್ತಿದ್ದರೆ ಒಂದು ನಿಯಮ ಗೊತ್ತಿರಲಿ: 11-12 ವಯಸ್ಸಿನವರಿಗೆ ದಿನಕ್ಕೆ 85 ಎಸೆತದ ಮಿತಿ ಇದೆ. ಮಗು ಇನ್ನೊಂದು ತಂಡದಲ್ಲೂ ಆಡಿದರೆ ಎರಡೂ ಕಡೆಯ ಲೆಕ್ಕವನ್ನು ನೀವೇ ಇಡಬೇಕು.