ಹತ್ತು ಸಾವಿರ ಹಂದಿಗಳು, ನಲವತ್ತರ ಲೆಕ್ಕ

ಸಾಕಣೆಯ ಹಂದಿಗಳ ಒಂದು ತಳಿಯಲ್ಲಿ 10,000 ಹೆಣ್ಣು ಹಂದಿಗಳಿವೆ, ಅವೆಲ್ಲಕ್ಕೂ 10 ಗಂಡು ಹಂದಿಗಳ ವೀರ್ಯವನ್ನೇ ಬಳಸಲಾಗುತ್ತಿದೆ ಎಂದುಕೊಳ್ಳೋಣ. ತಲೆ ಎಣಿಸಿ ನೋಡಿದರೆ ಆ ತಳಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಮುಂದಿನ ಪೀಳಿಗೆಯ ಪ್ರತಿಯೊಂದು ಮರಿಯೂ ತನ್ನ ವಂಶವಾಹಿಗಳ ಅರ್ಧಭಾಗವನ್ನು ಆ ಹತ್ತರಲ್ಲಿ ಒಂದರಿಂದಲೇ ಪಡೆಯಬೇಕಾಗುತ್ತದೆ. ಇಂಥ ಗುಂಪಿನ ನಿಜವಾದ ಗಾತ್ರವನ್ನು ತಿಳಿಯಲು ತಳಿವಿಜ್ಞಾನಿ ಸ್ಯೂವಲ್ ರೈಟ್ 1931ರಲ್ಲಿ ಒಂದು ಸೂತ್ರವನ್ನು ಕೊಟ್ಟರು: ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕು ಪಟ್ಟು ಮಾಡಿ, ಎರಡೂ ಸೇರಿದ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನಮ್ಮ ತಳಿಗೆ ದೊರೆಯುವ ಉತ್ತರ ಸುಮಾರು 40. ಅಂದರೆ, 20 ಗಂಡು ಮತ್ತು 20 ಹೆಣ್ಣು ಹಂದಿಗಳು ಯಾದೃಚ್ಛಿಕವಾಗಿ ಕೂಡಿದರೆ ಎಷ್ಟು ವೇಗವಾಗಿ ವಂಶವಾಹಿಗಳ ವೈವಿಧ್ಯ ಕರಗುತ್ತದೆಯೋ, ಈ ದೊಡ್ಡ ತಳಿಯಲ್ಲೂ ಅಷ್ಟೇ ವೇಗವಾಗಿ ಕರಗುತ್ತಿದೆ.

ಈ ಸಂಖ್ಯೆಗೆ ಪರಿಣಾಮಕಾರಿ ಗಾತ್ರ ಎನ್ನುತ್ತಾರೆ. ಹೆಣ್ಣು ಹಂದಿಗಳನ್ನು 20,000ಕ್ಕೆ ಏರಿಸಿದರೂ ಅದು 40ರಲ್ಲೇ ನಿಂತಿರುತ್ತದೆ. ಗಂಡುಗಳನ್ನು 10ರಿಂದ 20ಕ್ಕೆ ಏರಿಸಿದರೆ ಮಾತ್ರ 80ರ ಹತ್ತಿರ ಹೋಗುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಒಂದು ಗಂಡಿನಿಂದ ಒಮ್ಮೆ ಸಂಗ್ರಹಿಸಿದ ವೀರ್ಯವನ್ನೇ ತೆಳುಗೊಳಿಸಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಪಾಲು ಮಾಡಬಹುದಾದ್ದರಿಂದ, ಇಂಥ ಅಸಮತೋಲ ಕೇವಲ ಕಾಗದದ ಮೇಲಿನ ಕಲ್ಪನೆಯಲ್ಲ. ಪರಿಣಾಮಕಾರಿ ಗಾತ್ರ ಕನಿಷ್ಠ 50 ಇರಬೇಕು, ಅಂದರೆ ಒಳಸಂಕರಣದ (ರಕ್ತಸಂಬಂಧಿಗಳ ಕೂಡುವಿಕೆಯ) ಏರಿಕೆ ಪೀಳಿಗೆಗೆ ಶೇಕಡಾ 1ನ್ನು ಮೀರಬಾರದು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಾಕುಪ್ರಾಣಿಗಳಿಗೆ ಸೂಚಿಸಿರುವ ಮಿತಿ. 40ರ ಗಾತ್ರದಲ್ಲಿ ಆ ಏರಿಕೆ ಶೇಕಡಾ 1.25 ಆಗುತ್ತದೆ. ಒಳಸಂಕರಣ ಹೆಚ್ಚಿದಂತೆ ಒಂದು ಸೂಲಿಗೆ ಹುಟ್ಟುವ ಮತ್ತು ಬದುಕುಳಿಯುವ ಮರಿಗಳ ಸಂಖ್ಯೆ ಇಳಿಯುತ್ತದೆ ಎಂಬುದು ಹಂದಿ ಸಾಕುವವರಿಗೆ ಬಹಳ ಹಿಂದಿನಿಂದಲೂ ಗೊತ್ತಿರುವ ಸಂಗತಿ.

ಒಳಸಂಕರಣವನ್ನು ಅಳೆಯುವ ಅತ್ಯಂತ ಹಳೆಯ ಸಾಧನ ವಂಶಾವಳಿಯ ಪುಸ್ತಕ. ರೈಟ್ 1922ರಲ್ಲೇ ರೂಪಿಸಿದ್ದ ಗುಣಾಂಕದ (ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವದ) ಪ್ರಕಾರ ಒಡಹುಟ್ಟಿದ ಹಂದಿಗಳು ಕೂಡಿ ಹುಟ್ಟಿದ ಮರಿಯ ಒಳಸಂಕರಣ 0.25, ತಂದೆ ಮಾತ್ರ ಒಂದೇ ಆಗಿರುವ ಜೋಡಿಯ ಮರಿಯದು 0.125. ಈ ಲೆಕ್ಕ ಅಗ್ಗವಾದದ್ದು, ಇಂದಿಗೂ ಉಪಯುಕ್ತವಾದದ್ದು. ಆದರೂ ಅದರಲ್ಲಿ ಎರಡು ದೌರ್ಬಲ್ಯಗಳಿವೆ. ಪುಸ್ತಕದ ಮೊದಲ ಪುಟದಲ್ಲಿರುವ ಹಂದಿಗಳೆಲ್ಲ ಪರಸ್ಪರ ಸಂಬಂಧವಿಲ್ಲದವು ಎಂದು ಅದು ನಂಬುತ್ತದೆ. ಒಂದೆರಡು ಊರುಗಳ ಹಂದಿಗಳಿಂದ ಆರಂಭವಾದ ತಳಿಯಲ್ಲಿ ಅದು ನಿಜವಾಗಿರುವುದು ಅಪರೂಪ. ಎರಡನೆಯದಾಗಿ, 0.25 ಎಂಬುದು ಸರಾಸರಿ ನಿರೀಕ್ಷೆ ಮಾತ್ರ. ಒಂದೇ ಸೂಲಿನ ಎರಡು ಮರಿಗಳಿಗೆ ವಂಶಾವಳಿ ಒಂದೇ ಅಂಕವನ್ನು ಕೊಟ್ಟರೂ, ವರ್ಣತಂತುಗಳು ಹಂಚಿಹೋಗುವ ಆಕಸ್ಮಿಕದಿಂದಾಗಿ ಅವುಗಳ ನಿಜವಾದ ಒಳಸಂಕರಣದಲ್ಲಿ ಸಾಕಷ್ಟು ಅಂತರವಿರಬಹುದು.

ಆದ್ದರಿಂದ ಡಿಎನ್‌ಎಯನ್ನೇ ಓದಬೇಕಾಗುತ್ತದೆ. ಕಿವಿಯ ಅಂಚಿನ ಚೂರು ಅಥವಾ ಬುಡಸಮೇತ ಕಿತ್ತ ಕೆಲವು ಕೂದಲುಗಳು ಅದಕ್ಕೆ ಸಾಕು. ಯಾವ ಹಂದಿಗಳಿಂದ ಅದನ್ನು ಪಡೆಯುತ್ತೇವೆ ಎಂಬುದು ಯಂತ್ರದ ಗುಣಮಟ್ಟಕ್ಕಿಂತ ಹೆಚ್ಚು ಮುಖ್ಯವೆಂದು ನಾನು ಭಾವಿಸುತ್ತೇನೆ. ಒಂದೇ ಕೊಟ್ಟಿಗೆಯಲ್ಲಿ ಕೈಗೆ ಸುಲಭವಾಗಿ ಸಿಕ್ಕ ಎಂಟು ಮರಿಗಳು ಒಂದೇ ತಾಯಿಯವಾಗಿದ್ದರೆ, ನಾವು ಅಳೆದದ್ದು ಒಂದು ಕುಟುಂಬವನ್ನು, ತಳಿಯನ್ನಲ್ಲ. ಇದಕ್ಕೆ ಪ್ರತಿಯಾದ ತಪ್ಪೂ ಇದೆ. ಬಹುಕಾಲದಿಂದ ಬೇರೆಬೇರೆಯಾಗಿಯೇ ಬೆಳೆದ ಎರಡು ಹಿಂಡುಗಳನ್ನು ಒಂದೇ ಎಂದು ಸೇರಿಸಿ ಲೆಕ್ಕ ಹಾಕಿದರೆ, ಪ್ರತಿ ಹಿಂಡಿನೊಳಗೂ ಸಂಯೋಗ ಯಾದೃಚ್ಛಿಕವಾಗಿಯೇ ನಡೆದಿದ್ದರೂ ಒಳಸಂಕರಣ ನಡೆದಂತೆ ಅಂಕಿಗಳು ಹೇಳುತ್ತವೆ.

ಮಾದರಿಗಳಿಂದ ಮೊದಲು ದೊರೆಯುವ ಅಳತೆ ವಿಷಮಯುಗ್ಮತೆ. ಪ್ರತಿ ಹಂದಿಗೂ ಪ್ರತಿ ಜೀನಿನ, ಅಂದರೆ ವಂಶವಾಹಿಯ, ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಡಿಎನ್‌ಎಯ ಒಂದು ಗೊತ್ತಾದ ತಾಣದಲ್ಲಿ ಈ ಎರಡೂ ಭಿನ್ನವಾಗಿರುವ ಹಂದಿಗಳ ಪ್ರಮಾಣವೇ ವಿಷಮಯುಗ್ಮತೆ. ಆ ತಾಣದಲ್ಲಿ ಕಾಣುವ ಎರಡು ಭಿನ್ನ ರೂಪಗಳು ತಳಿಯಲ್ಲಿ ಸಮಸಮವಾಗಿದ್ದರೆ ಅದು 0.5 ಇರಬೇಕೆಂದು ನಿರೀಕ್ಷಿಸುತ್ತೇವೆ. ಒಂದು ರೂಪ ಶೇಕಡಾ 90 ಇದ್ದರೆ ನಿರೀಕ್ಷೆ 0.18ಕ್ಕೆ ಇಳಿಯುತ್ತದೆ. ಎಣಿಸಿ ಕಂಡದ್ದು ನಿರೀಕ್ಷೆಗಿಂತ ಕಡಿಮೆಯಾದರೆ ರಕ್ತಸಂಬಂಧಿಗಳು ಕೂಡುತ್ತಿರಬಹುದೆಂಬ ಸೂಚನೆ ಸಿಗುತ್ತದೆ.

ಆದರೆ ಈ ಒಂದೇ ಅಂಕಿಯನ್ನು ನಂಬಿ ಕುಳಿತವರು ಮೋಸ ಹೋಗುತ್ತಾರೆ. ರೋಗದಿಂದಲೋ ಮಾರುಕಟ್ಟೆಯ ಕುಸಿತದಿಂದಲೋ ಒಂದು ತಳಿ ಒಂದು ಪೀಳಿಗೆಯ ಮಟ್ಟಿಗೆ ಕೇವಲ 10 ಹಂದಿಗಳಿಗೆ ಇಳಿಯಿತೆನ್ನೋಣ. ಹತ್ತು ಹಂದಿಗಳೆಂದರೆ ಪ್ರತಿ ಜೀನಿನ 20 ಪ್ರತಿಗಳು. ಆಗಲೂ ಮೂಲ ವಿಷಮಯುಗ್ಮತೆಯ ಶೇಕಡಾ 95 ಭಾಗ ಸರಾಸರಿಯಲ್ಲಿ ಉಳಿಯುತ್ತದೆ ಎಂಬುದನ್ನು ಓದಿದರೆ ನೆಮ್ಮದಿಯಾಗುತ್ತದೆ. ಆದರೆ ಮೊದಲು ಶೇಕಡಾ 1ರಷ್ಟಿದ್ದ ಒಂದು ಅಪರೂಪದ ರೂಪ ಆ 20 ಪ್ರತಿಗಳಲ್ಲಿ ಒಂದರಲ್ಲೂ ಇಲ್ಲದೆ ಹೋಗುವ ಸಂಭವ ಶೇಕಡಾ 82. ವೈವಿಧ್ಯದ ನಷ್ಟ ಮೊದಲು ಅಪರೂಪದ ರೂಪಗಳಿಂದಲೇ ಆರಂಭವಾಗುತ್ತದೆ, ಮತ್ತು ವಿಷಮಯುಗ್ಮತೆ ಅದನ್ನು ಬಹುಮಟ್ಟಿಗೆ ಕಾಣುವುದೇ ಇಲ್ಲ. ಮುಂದೊಂದು ದಿನ ಹೊಸ ರೋಗವೊಂದನ್ನು ಎದುರಿಸಲು ಬೇಕಾದ ಜೀನ್ ರೂಪ ಆ ಅಪರೂಪದವುಗಳ ನಡುವೆಯೇ ಇದ್ದಿರಬಹುದು. ಹೀಗಾಗಿ, ಪ್ರತಿ ತಾಣದಲ್ಲಿ ಒಟ್ಟು ಎಷ್ಟು ಬಗೆಯ ರೂಪಗಳಿವೆ ಎಂಬ ಎಣಿಕೆಯನ್ನು, ಮಾದರಿಯ ಗಾತ್ರಕ್ಕೆ ತಕ್ಕಂತೆ ಸರಿಹೊಂದಿಸಿ, ಜೊತೆಗಿಟ್ಟು ನೋಡಲೇಬೇಕು.

ಓದುವ ತಾಣಗಳನ್ನು ಆರಿಸುವುದು ಹೇಗೆ? ಮೊದಲು ಬಳಕೆಗೆ ಬಂದವು ಮೈಕ್ರೋಸ್ಯಾಟಲೈಟ್‌ಗಳು, ಅಂದರೆ ಡಿಎನ್‌ಎಯ ಎರಡು ಮೂರು ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುವ ಜಾಗಗಳು. ಬೇರೆ ಬೇರೆ ದೇಶಗಳ ಫಲಿತಾಂಶಗಳನ್ನು ಹೋಲಿಸಲು ಅನುವಾಗುವಂತೆ ಹಂದಿಗಳಿಗೆ 30 ತಾಣಗಳ ಒಂದು ಪಟ್ಟಿಯನ್ನು ಶಿಫಾರಸು ಮಾಡಲಾಗಿತ್ತು. 2009ರಲ್ಲಿ 60,000ಕ್ಕೂ ಹೆಚ್ಚು ಏಕಾಕ್ಷರ ಭೇದಗಳನ್ನು (ಒಂದೇ ಅಕ್ಷರ ಬೇರೆಯಾಗಿರುವ ತಾಣಗಳನ್ನು) ಒಮ್ಮೆಗೇ ಓದುವ ಚಿಪ್ ಬಂದಿತು. 2012ರಲ್ಲಿ ಡ್ಯೂರಾಕ್ ತಳಿಯ ಒಂದು ಹೆಣ್ಣು ಹಂದಿಯನ್ನು ಆಧಾರವಾಗಿಟ್ಟುಕೊಂಡು, ಸುಮಾರು 250 ಕೋಟಿ ಅಕ್ಷರಗಳ ಹಂದಿ ಜೀನೋಮ್, ಅಂದರೆ ಹಂದಿಯ ಇಡೀ ಡಿಎನ್‌ಎಯ ಪಾಠ, ಪ್ರಕಟವಾಯಿತು.

ಚಿಪ್‌ನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದರಲ್ಲಿರುವ ಭೇದಗಳನ್ನು ಗುರುತಿಸಿದ್ದು ಡ್ಯೂರಾಕ್, ಪಿಯೆಟ್ರೇನ್, ಲ್ಯಾಂಡ್‌ರೇಸ್, ಲಾರ್ಜ್ ವೈಟ್ ತಳಿಗಳಲ್ಲಿ ಮತ್ತು ಕಾಡುಹಂದಿಗಳಲ್ಲಿ. ಈ ವಾಣಿಜ್ಯ ತಳಿಗಳಲ್ಲಿ ಸಾಮಾನ್ಯವಾದ ಭೇದಗಳೇ ಅದರಲ್ಲಿ ತುಂಬಿರುವುದು ಸಹಜ. ದೂರದ ಸ್ಥಳೀಯ ತಳಿಯೊಂದನ್ನು ಅದೇ ಚಿಪ್‌ನಿಂದ ಅಳೆದರೆ, ಆ ತಳಿಗೆ ಮಾತ್ರ ವಿಶಿಷ್ಟವಾದ ಭೇದಗಳು ಲೆಕ್ಕಕ್ಕೇ ಬರುವುದಿಲ್ಲ. ಶ್ರೀಮಂತವಾದ ತಳಿಯೊಂದು ಬಡವಾಗಿ ಕಾಣುತ್ತದೆ. ಅಳತೆಗೋಲಿನ ದೋಷವನ್ನು ತಳಿಯ ದೋಷವೆಂದು ಬರೆದುಬಿಡುವುದು ಆ ತಳಿಗೆ ಮಾಡುವ ಅನ್ಯಾಯ. ಇಡೀ ಜೀನೋಮನ್ನೇ ಓದಿದರೆ ಈ ಪಕ್ಷಪಾತ ಬಹುಮಟ್ಟಿಗೆ ತಪ್ಪುತ್ತದೆ.

ಈ ಎಲ್ಲ ವಿಧಾನಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಸಮಯುಗ್ಮ ಪಟ್ಟೆಗಳನ್ನು ಹುಡುಕುವ ವಿಧಾನ. ತಂದೆ ತಾಯಿಗಳಿಬ್ಬರಿಗೂ ಒಬ್ಬನೇ ಪೂರ್ವಜನಿದ್ದರೆ, ಅವನ ವರ್ಣತಂತುವಿನ ಒಂದೇ ತುಂಡು ಎರಡು ದಾರಿಗಳಿಂದ ಬಂದು ಮರಿಯಲ್ಲಿ ಸೇರಬಹುದು. ಆ ಉದ್ದಕ್ಕೂ ಎರಡೂ ಪ್ರತಿಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿರುತ್ತವೆ. ಪ್ರತಿ ಪೀಳಿಗೆಯಲ್ಲೂ ವರ್ಣತಂತುಗಳು ತುಂಡಾಗಿ ಮರುಜೋಡಣೆಗೊಳ್ಳುವುದರಿಂದ, ಪೂರ್ವಜ ದೂರದವನಾದಷ್ಟೂ ಪಟ್ಟೆ ಗಿಡ್ಡವಾಗುತ್ತದೆ. ಐದು ಪೀಳಿಗೆಗಳ ಹಿಂದಿನ ಪೂರ್ವಜನಿಂದ ಬಂದ ಪಟ್ಟೆ ಸರಾಸರಿಯಲ್ಲಿ ಸುಮಾರು ಒಂದು ಕೋಟಿ ಅಕ್ಷರಗಳಷ್ಟು ಉದ್ದವಿದ್ದರೆ, ಐವತ್ತು ಪೀಳಿಗೆಗಳ ಹಿಂದಿನದು ಹತ್ತು ಲಕ್ಷದ ಆಸುಪಾಸಿನಲ್ಲಿರುತ್ತದೆ. ಪಟ್ಟೆಗಳ ಒಟ್ಟು ಉದ್ದವನ್ನು ಜೀನೋಮಿನ ಉದ್ದದಿಂದ ಭಾಗಿಸಿದರೆ ಆ ಒಂದು ಹಂದಿಯ ಒಳಸಂಕರಣ ಸಿಗುತ್ತದೆ, ಯಾವ ಪುಸ್ತಕದ ನೆರವೂ ಇಲ್ಲದೆ. ಜೊತೆಗೆ, ಉದ್ದ ಪಟ್ಟೆಗಳು ಹೆಚ್ಚಿದ್ದರೆ ತಪ್ಪು ಇತ್ತೀಚಿನ ಜೋಡಿಗಳ ಆಯ್ಕೆಯಲ್ಲಿದೆ, ಅದನ್ನು ತಿದ್ದಬಹುದು. ಗಿಡ್ಡ ಪಟ್ಟೆಗಳೇ ತುಂಬಿದ್ದರೆ ತಳಿ ಬಹಳ ಹಿಂದೆ ಸಂಖ್ಯೆ ಕುಸಿದ ಒಂದು ಇಕ್ಕಟ್ಟನ್ನು ದಾಟಿ ಬಂದಿದೆ ಎಂದು ತಿಳಿಯುತ್ತದೆ. ಹಂಗೇರಿಯ ಗುಂಗುರು ಕೂದಲಿನ ಮಾಂಗಲಿತ್ಸಾ 1990ರ ದಶಕದ ಆರಂಭದಲ್ಲಿ ಇನ್ನೂರಕ್ಕೂ ಕಡಿಮೆ ಹೆಣ್ಣು ಹಂದಿಗಳಿಗೆ ಇಳಿದು ಮತ್ತೆ ಬೆಳೆದ ತಳಿ; ಅಂಥ ತಳಿಗಳಲ್ಲಿ ಈ ಎರಡು ಬಗೆಯ ಪಟ್ಟೆಗಳನ್ನು ಬೇರ್ಪಡಿಸಿ ನೋಡುವುದು ಬಹಳ ಅಗತ್ಯ.

ಹೆಚ್ಚಿನ ಅಂಕಿ ಯಾವಾಗಲೂ ಶುಭಸೂಚನೆ ಎಂದೇನೂ ಅಲ್ಲ. ಯುರೋಪಿನ ಮತ್ತು ಏಷ್ಯಾದ ಕಾಡುಹಂದಿಗಳು ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಕವಲೊಡೆದಿದ್ದವು, ಮತ್ತು ಅವೆರಡೂ ಬೇರೆ ಬೇರೆ ಕಡೆಗಳಲ್ಲಿ ಪ್ರತ್ಯೇಕವಾಗಿಯೇ ಸಾಕುಪ್ರಾಣಿಗಳಾದವು. 18 ಮತ್ತು 19ನೆಯ ಶತಮಾನಗಳಲ್ಲಿ ಚೀನಾದ ಹಂದಿಗಳನ್ನು ಬ್ರಿಟನ್ನಿಗೆ ತಂದು ಅಲ್ಲಿನ ಹಂದಿಗಳೊಡನೆ ಸಂಕರಗೊಳಿಸಿದ್ದರಿಂದ, ಲಾರ್ಜ್ ವೈಟ್‌ನಂಥ ತಳಿಯ ಜೀನೋಮಿನಲ್ಲಿ ಏಷ್ಯಾ ಮೂಲದ ತುಂಡುಗಳು ಇಂದಿಗೂ ಹರಡಿಕೊಂಡಿವೆ. ಹೀಗಾಗಿ ಅದರ ವಿಷಮಯುಗ್ಮತೆ ಯುರೋಪಿನ ಕಾಡುಹಂದಿಗಿಂತಲೂ ಹೆಚ್ಚು ಬರುತ್ತದೆ. ಇದೇ ಕಾರಣಕ್ಕೆ, ಅಳಿವಿನಂಚಿನ ಸ್ಥಳೀಯ ತಳಿಯೊಂದಕ್ಕೆ ಹೊರಗಿನ ಗಂಡುಗಳನ್ನು ಬೆರೆಸಿದ ಮರುಪೀಳಿಗೆಯಲ್ಲೇ ವೈವಿಧ್ಯದ ಅಂಕಿ ಜಿಗಿಯುತ್ತದೆ, ಆದರೆ ಉಳಿಸಬೇಕೆಂದಿದ್ದ ತಳಿ ಆ ಜಿಗಿತದಲ್ಲೇ ಕರಗತೊಡಗಿರುತ್ತದೆ.

ಅಳತೆಯ ಫಲ ಅಂತಿಮವಾಗಿ ಗಂಡುಗಳ ಆಯ್ಕೆಯಲ್ಲಿ ಕಾಣಬೇಕು. ಇಂದು ತಳಿಸಂವರ್ಧಕರು ಹಿಂಡಿನ ಪ್ರತಿ ಜೋಡಿಯ ನಡುವಿನ ನಂಟನ್ನು ಡಿಎನ್‌ಎಯಿಂದಲೇ ಲೆಕ್ಕ ಹಾಕಿ, ಯಾವ ಗಂಡಿನಿಂದ ಎಷ್ಟು ಮರಿಗಳನ್ನು ಪಡೆಯಬಹುದೆಂದು ಮಿತಿ ಹಾಕಬಲ್ಲರು. ಅತ್ಯುತ್ತಮವೆನಿಸಿದ ಗಂಡಿಗೂ ಆ ಮಿತಿ ಅನ್ವಯಿಸುತ್ತದೆ. ಹಳೆಯ ಗಂಡುಗಳ ವೀರ್ಯವನ್ನು ಹೆಪ್ಪುಗಟ್ಟಿಸಿಟ್ಟರೆ ಹಿಂಡಿನಲ್ಲಿ ಕಳೆದುಹೋದ ರೂಪಗಳನ್ನು ಮರಳಿ ತರಬಹುದು, ಆದರೆ ಹಂದಿಯ ವೀರ್ಯಾಣುವಿನ ಪೊರೆ ಚಳಿಗೆ ಬಹಳ ಬೇಗ ಹಾಳಾಗುವುದರಿಂದ ದನಗಳಲ್ಲಿ ಸುಲಭವಾದ ಈ ಕೆಲಸ ಹಂದಿಗಳಲ್ಲಿ ಕಷ್ಟದ್ದು. ದಿನನಿತ್ಯದ ಬಳಕೆಯ ವೀರ್ಯವನ್ನು ಇಂದಿಗೂ ದ್ರವರೂಪದಲ್ಲೇ, ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವೇ ದಿನಗಳ ಮಟ್ಟಿಗೆ ಇಟ್ಟುಕೊಳ್ಳಲಾಗುತ್ತದೆ. ಆದ್ದರಿಂದ ಈ ತಳಿಗಳ ವೈವಿಧ್ಯದ ಬಹುಪಾಲು ಈಗಲೂ ಕೊಟ್ಟಿಗೆಯಲ್ಲಿ ನಿಂತಿರುವ ಜೀವಂತ ಹಂದಿಗಳ ಮೈಯಲ್ಲೇ ಇದೆ.