ನೆಕ್ಸಸ್: ತೆರಿಗೆ ಕೇಳಲು ಬೇಕಾದ ನಂಟು

1950ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಪದಬಂಧ ಸ್ಪರ್ಧೆ. ಶುಲ್ಕ ಕಟ್ಟಿ ಉತ್ತರ ಕಳಿಸಬೇಕು, ಗೆದ್ದವರಿಗೆ ಹಣ. ಸ್ಪರ್ಧೆ ನಡೆಸುತ್ತಿದ್ದ ಆರ್‌ಎಂಡಿಸಿ ಕಂಪನಿ ನೋಂದಣಿಯಾಗಿದ್ದು ಮೈಸೂರು ರಾಜ್ಯದಲ್ಲಿ. ಆದರೆ ಪತ್ರಿಕೆ ಬಾಂಬೆ ರಾಜ್ಯದಲ್ಲೂ ಚೆನ್ನಾಗಿ ಓಡುತ್ತಿತ್ತು. 1952ರಲ್ಲಿ ಬಾಂಬೆ ತನ್ನ ಕಾನೂನು ತಿದ್ದಿತು. ಹೊರ ರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು.

ಬೆಂಗಳೂರಿನ ಕಂಪನಿಗೆ ಬಾಂಬೆ ಹೇಗೆ ತೆರಿಗೆ ಹಾಕಬಹುದು? ಸಂವಿಧಾನದ 245 ಮತ್ತು 246ನೇ ವಿಧಿಗಳ ಪ್ರಕಾರ ರಾಜ್ಯದ ಕಾನೂನು ಆ ರಾಜ್ಯಕ್ಕೆ ಮಾತ್ರ, ಅಲ್ವಾ? ಬಾಂಬೆ ಹೈಕೋರ್ಟಿನಲ್ಲಿ ಕಂಪನಿಯೇ ಗೆದ್ದಿತು. 1957ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಕಂಪನಿ ಎಲ್ಲಿ ಕೂತಿದೆ ಅನ್ನುವುದೊಂದನ್ನೇ ಅದು ನೋಡಲಿಲ್ಲ. ಪತ್ರಿಕೆ ಹಂಚಿದ್ದು, ಜನ ಪದ ತುಂಬಿದ್ದು, ಅರ್ಜಿ ಮತ್ತು ಶುಲ್ಕ ಪಡೆಯಲು ಜಾಗ ಮಾಡಿದ್ದು ಬಾಂಬೆಯಲ್ಲಿ. ಈ ನಂಟಿಗೇ ನೆಕ್ಸಸ್ ಎಂದು ಹೆಸರು.

ಸುಮ್ನೆ ಯಾವುದೋ ನಂಟು ತೋರಿಸಿದರೆ ಸಾಲದು. ಕೋರ್ಟು ಎರಡು ಷರತ್ತು ಹಾಕಿತು. ನಂಟು ನಿಜವಾದದ್ದಾಗಿರಬೇಕು, ತೋರಿಕೆಯದಲ್ಲ. ಹಾಕುವ ತೆರಿಗೆಯೂ ಆ ನಂಟಿಗೇ ಸೇರಿದ್ದಾಗಿರಬೇಕು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ. ನನಗೆ ಎರಡನೆಯದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಅದೇ ಕಂಪನಿ ಬೆಂಗಳೂರಿನಲ್ಲಿ ಒಂದು ಹೋಟೆಲನ್ನೂ ನಡೆಸುತ್ತಿತ್ತು ಅಂದುಕೊಳ್ಳಿ. ಪದಬಂಧದ ನಂಟು ಹಿಡಿದುಕೊಂಡು ಬಾಂಬೆ ಸರ್ಕಾರ ಆ ಹೋಟೆಲಿನ ಇಡ್ಲಿ, ಕಾಫಿಗೆ ತೆರಿಗೆ ಕೇಳುವಂತಿಲ್ಲ.

ಅಮೆರಿಕದಲ್ಲೂ ಇದೇ ಪದ, ಆದರೆ ಅಳತೆ ಬೇರೆ. ರಾಜ್ಯಗಳ ನಡುವಿನ ವ್ಯಾಪಾರಕ್ಕೆ ರಾಜ್ಯಗಳು ಅಡ್ಡಿಯಾಗಬಾರದು ಎಂಬುದು ಅಲ್ಲಿನ ಸಂವಿಧಾನದಿಂದ ಬಂದ ಮಿತಿ. ಹಾಗಾಗಿ ಅಲ್ಲಿನ ಸುಪ್ರೀಂ ಕೋರ್ಟು ಕ್ವಿಲ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ 1992ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ನೌಕರರೋ ಇಲ್ಲದ ಕಂಪನಿಗೆ ‘ಗ್ರಾಹಕರಿಂದ ಮಾರಾಟ ತೆರಿಗೆ ವಸೂಲಿ ಮಾಡಿ ಕೊಡು’ ಎಂದು ರಾಜ್ಯ ಹೇಳುವಂತಿರಲಿಲ್ಲ. ಆನ್‌ಲೈನ್ ವ್ಯಾಪಾರ ಬೆಳೆದ ಮೇಲೆ ರಾಜ್ಯಗಳ ಬೊಕ್ಕಸಕ್ಕೆ ಇದರಿಂದ ದೊಡ್ಡ ಪೆಟ್ಟು ಬಿತ್ತು. 2018ರಲ್ಲಿ ಪೀಠೋಪಕರಣ ಮಾರುವ ವೇಫೇರ್ ಕಂಪನಿಯ ಮೊಕದ್ದಮೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು 5–4ರ ಬಹುಮತದಿಂದ ಆ ನಿಯಮವನ್ನು ಕೈಬಿಟ್ಟಿತು. ಅಂಗಡಿ ಇಲ್ಲದಿದ್ದರೂ ವ್ಯಾಪಾರವೇ ನಂಟಾಗಬಹುದು ಎಂದಿತು. ಮೊಕದ್ದಮೆ ಹೂಡಿದ್ದ ಸೌತ್ ಡಕೋಟಾ ರಾಜ್ಯದ ಕಾನೂನು ಇಟ್ಟಿದ್ದ ಗಡಿ ವರ್ಷಕ್ಕೆ 1 ಲಕ್ಷ ಡಾಲರಿಗಿಂತ ಹೆಚ್ಚಿನ ಮಾರಾಟ ಅಥವಾ 200 ವ್ಯವಹಾರ. ಎಲ್ಲೋ ದೂರದಲ್ಲಿ ಕೂತು ಆ ರಾಜ್ಯಕ್ಕೆ ನಾಲ್ಕು ಕುರ್ಚಿ ಕಳಿಸಿದವರಿಗೆ ಅದು ತಟ್ಟುವುದಿಲ್ಲ.