ಉದುರಿದ ಗಾರೆಯನ್ನೂ ಪಾಠಕ್ಕೆ ತನ್ನಿ

ನನ್ನ ಚೀಲದಲ್ಲಿ ಅಂಗೈ ಅಗಲದ ಒಂದು ಗಾರೆಯ ಚಕ್ಕೆ ಯಾವಾಗಲೂ ಇರುತ್ತದೆ. ಹಳೆಯ ಕಟ್ಟಡಗಳ ಸಂರಕ್ಷಣೆ ಕಲಿಸಲು ಹೋದಲ್ಲೆಲ್ಲ, ಪ್ರೊಜೆಕ್ಟರ್ ಹೊತ್ತಿಸುವ ಮೊದಲೇ ಅದನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಮುಂಭಾಗ ನುಣುಪು, ಕೆನೆ ಬಣ್ಣ. ತಿರುಗಿಸಿದರೆ ಬೆನ್ನೂ ಅಷ್ಟೇ ನುಣುಪು. ತಪ್ಪು ಇರುವುದೇ ಅಲ್ಲಿ. ಗೋಡೆಯನ್ನು ಕಚ್ಚಿ ಹಿಡಿದ ಗಾರೆಯ ಬೆನ್ನು ಒರಟಾಗಿರಬೇಕು, ಅದಕ್ಕೆ ಇಟ್ಟಿಗೆಯ ಕೆಂಪು ಮೆತ್ತಿಕೊಂಡಿರಬೇಕು.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿಯಲ್ಲಿ ಒಂದು ಹಳೆಯ ಮನೆಯ ದುರಸ್ತಿಯ ಹೊಣೆ ಹೊತ್ತಿದ್ದೆ. ಆ ಚಕ್ಕೆ ಅಲ್ಲಿಯದು. ಹಿಂದೆ ಯಾರೋ ಗೋಡೆಗೆ ಸೊಂಟದೆತ್ತರದವರೆಗೆ ಸಿಮೆಂಟ್ ಬಳಿಸಿದ್ದರು. ಗೋಡೆ ತೇವ ಎಂದರೆ ನಮ್ಮೂರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆದರೆ ಆ ಕಾಲದ ಇಟ್ಟಿಗೆ ಮೆದು, ನೀರು ಹೀರುತ್ತದೆ. ನೆಲದಿಂದ ಏರಿದ ತೇವ ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೊರಟುಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಅದರ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹಾಗಾಗಿ ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆ ಹಾಕುವುದೆಂದು ನಿಶ್ಚಯಿಸಿದೆವು. ನಿರ್ಧಾರ ಸರಿಯೇ ಇತ್ತು.

ಕೆತ್ತುವ ಕೆಲಸ ಮುಗಿಯಿತೆಂದು ನಾನು ಹೇಳಿದಾಗ ಮೇಸ್ತ್ರಿ ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟುತ್ತಾ ಹೋದರು. ಮೂಲೆಯ ಹತ್ತಿರ ನಿಂತು, "ಮೇಡಂ, ಇಲ್ಲಿ ಇನ್ನೂ ಸಿಮೆಂಟ್ ಇದೆ. ಸದ್ದು ಕೇಳಿ" ಎಂದರು. ನನಗೆ ಕೇಳಿಸಲಿಲ್ಲ. ಮನೆಯವರ ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು. ಹಾಕಿಬಿಡಿ ಎಂದೆ. ಎರಡು ಮಳೆಗಾಲ ಕಳೆದ ಮೇಲೆ ಆ ಮೂಲೆಯ ಗಾರೆ ಹಾಳೆಹಾಳೆಯಾಗಿ ಎದ್ದು ಬಿತ್ತು. ನೀರನ್ನು ಹೀರದ ಗಟ್ಟಿ ಸಿಮೆಂಟಿನ ಮೇಲೆ ಸುಣ್ಣ ಕಚ್ಚುವುದಿಲ್ಲ.

ಬಿದ್ದದ್ದನ್ನು ಸರಿಪಡಿಸಿದೆವು. ಆದರೆ ಆ ಮನೆಯ ಬಗ್ಗೆ ನಾನು ಬರೆದಿದ್ದ ವರದಿಯನ್ನು ಮಾತ್ರ ತಿದ್ದಲಿಲ್ಲ. ಅದರಲ್ಲಿ ಗಾರೆಯ ಹದ, ಪ್ರಮಾಣ, ಸುಂದರವಾದ ಚಿತ್ರಗಳು ಎಲ್ಲವೂ ಇದ್ದವು, ಈ ಮೂಲೆ ಇರಲಿಲ್ಲ. ಕೆಲವು ವರ್ಷಗಳ ನಂತರ ನಗರದ ಇನ್ನೊಂದು ಮನೆಯಲ್ಲಿ, ಅದೇ ವರದಿಯನ್ನು ಓದಿ ಕೆಲಸ ಮಾಡಿದ ಕಿರಿಯರು ಅದೇ ತಪ್ಪು ಮಾಡಿದ್ದನ್ನು ಕಣ್ಣಾರೆ ಕಂಡೆ. ಆ ಗೋಡೆ ಹಾಳಾದುದರಲ್ಲಿ ನನ್ನ ಪಾಲೂ ಇದೆ.

ಸ್ಮಾರಕಗಳ ಸಂರಕ್ಷಣೆ ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ದಾಖಲೆ, 1964ರ ವೆನಿಸ್ ಸನ್ನದನ್ನು ನಮ್ಮ ವೃತ್ತಿಯ ಪ್ರತಿಯೊಬ್ಬರೂ ಓದಿರುತ್ತಾರೆ. ಅದರ ಕೊನೆಯ ವಿಧಿ 16ನೆಯದು. ಕೆಲಸದ ಪ್ರತಿ ಹಂತವನ್ನೂ ನಕ್ಷೆ, ಚಿತ್ರಗಳೊಡನೆ ದಾಖಲಿಸಿ, ಸಾರ್ವಜನಿಕ ಸಂಸ್ಥೆಯ ದಾಖಲೆ ಸಂಗ್ರಹದಲ್ಲಿ ಸಂಶೋಧಕರಿಗೆ ಸಿಗುವಂತೆ ಇಡಬೇಕು ಎನ್ನುತ್ತದೆ. ಪ್ರತಿ ಹಂತ ಎಂದರೆ ಎಡವಿದ ಹಂತವೂ ಹೌದು. ನಮ್ಮ ತರಬೇತಿಗಳಲ್ಲಿ ಆ ಭಾಗ ಕಾಣುವುದೇ ಇಲ್ಲ. ವೇದಿಕೆಯ ಮೇಲೆ ಎಲ್ಲರೂ 'ಮೊದಲು' ಮತ್ತು 'ನಂತರ'ದ ಚಿತ್ರ ತೋರಿಸುತ್ತೇವೆ. ಐದು ವರ್ಷದ ನಂತರದ ಚಿತ್ರವನ್ನು ಯಾರೂ ತರುವುದಿಲ್ಲ.

ಹಂಚಿಕೊಳ್ಳುವುದು ನಮಗೆ ಬಾರದ ವಿದ್ಯೆಯಲ್ಲ. ಇತಿಹಾಸ ಅಧ್ಯಯನದ ಹಳೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಅಕ್ಷರ ಅಕ್ಷರವಾಗಿ ನೋಡುವಂತೆ ಮಾಡಿದ್ದಾರೆ. ಸುಮಾರು ಕ್ರಿ.ಶ. 750ರದೆನ್ನಲಾದ ಹೆಬ್ಬಾಳದ ಕಿತ್ತಯ್ಯನ ಶಾಸನದ ಕಲ್ಲು ಈಗ ಶಾಲೆಯ ಮಕ್ಕಳಿಗೂ ಪರಿಚಯ. ದುರಸ್ತಿಯ ಅನುಭವಕ್ಕೂ ಇಂಥದೊಂದು ತೆರೆದ ಜಾಗ ಬೇಕೆಂದು ನಾನು ಹೋದಲ್ಲೆಲ್ಲ ಕೇಳುತ್ತಲೇ ಇದ್ದೇನೆ: ಯಾವ ಗೋಡೆ, ಯಾವ ತಿಂಗಳು, ಯಾವ ಮಿಶ್ರಣ, ಎಲ್ಲಿ ಬಿರುಕು ಬಿಟ್ಟಿತು.

ತಿಂಗಳು ಎಂದು ಸುಮ್ಮನೆ ಹೇಳಲಿಲ್ಲ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತಾ. ಅದಕ್ಕೆ ತೇವ ಇರಲೇಬೇಕು. ಫೆಬ್ರುವರಿ, ಮಾರ್ಚಿನ ನಮ್ಮ ಒಣಗಾಳಿಗೆ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಒದ್ದೆ ಗೋಣಿತಾಟು ಹೊದಿಸಿ ದಿನಗಟ್ಟಲೆ ಕಾಯಬೇಕು. ಬೇರೆ ಊರಿನ ಕೈಪಿಡಿಯಲ್ಲಿ ಇದು ಸಿಗುವುದಿಲ್ಲ, ಇಲ್ಲಿ ಗಾರೆ ಹಾಕಿದವರು ಹೇಳಬೇಕು.

ಅವರಲ್ಲಿ ಮೊದಲಿಗರು ಮೇಸ್ತ್ರಿಗಳು. ಇಂದಿಗೂ ಬಹುತೇಕ ತರಬೇತಿಗಳಲ್ಲಿ ಅವರು ಕಡೆಯ ದಿನದ ಪ್ರಾತ್ಯಕ್ಷಿಕೆಗೆ ಬರುತ್ತಾರೆ, ಪ್ರಮಾಣಪತ್ರ ಮಾತ್ರ ವಾಸ್ತುಶಿಲ್ಪಿಗಳಿಗೂ ಎಂಜಿನಿಯರುಗಳಿಗೂ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅವರು ಮೊದಲ ದಿನದಿಂದಲೇ ಗುರುಗಳಾಗಿ ಕೂರಬೇಕು, ಎಂಜಿನಿಯರಿಗೆ ಕೊಡುವ ಸಂಭಾವನೆಯೇ ಅವರಿಗೂ ಸಿಗಬೇಕು. ಗಾರೆಗೆ ಬೆರೆಸುವ ಬೆಲ್ಲದ ನೀರು ಎಷ್ಟು, ಅಳಲೆಕಾಯಿ ಎಷ್ಟು ದಿನ ನೆನೆಯಬೇಕು, ಕರಣೆಯನ್ನು ತಲೆಕೆಳಗು ಮಾಡಿದರೂ ಜಾರದಂಥ ಹದಕ್ಕೆ ಗಾರೆ ಯಾವಾಗ ಬರುತ್ತದೆ ಎಂಬುದನ್ನು ಅವರ ಪಕ್ಕ ನಿಂತು ಕೈ ಕೊಳಕು ಮಾಡಿಕೊಂಡವರಷ್ಟೇ ಕಲಿತಾರು. ತಾರಸಿಯ ಮೇಲೆ ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಗಾರೆ ಬಡಿದ ಹೆಂಗಸರಿಂದ ಇದನ್ನು ಕೇಳಿ ಬರೆದುಕೊಳ್ಳುವ ಕೆಲಸವಂತೂ ಎಂದೋ ಆಗಬೇಕಿತ್ತು. ಅವರಲ್ಲಿ ಹೆಚ್ಚಿನವರಿಗೆ ಈಗ ವಯಸ್ಸಾಗಿದೆ.

ಕಳೆದ ತಿಂಗಳು ಒಂದು ಹಳೆಯ ಶಾಲಾ ಕಟ್ಟಡದಲ್ಲಿ ಮೂರು ದಿನದ ತರಬೇತಿ ನಡೆಸಿದೆ. ಅದೇ ಮೇಸ್ತ್ರಿ ಬಂದಿದ್ದರು. ಚಕ್ಕೆ ಎಲ್ಲರ ಕೈ ದಾಟಿದ ಮೇಲೆ ಆ ಮೂಲೆಯ ಕಥೆಯನ್ನು ನಾನೇ ಹೇಳಿದೆ. ಮೇಸ್ತ್ರಿ ಏನೂ ಅನ್ನಲಿಲ್ಲ. ಎದ್ದು, ಹುಡುಗಿಯೊಬ್ಬಳನ್ನು ಗೋಡೆಯ ಬಳಿ ಕರೆದು, "ಕಣ್ಣು ಮುಚ್ಚಮ್ಮ, ತಟ್ಟುತ್ತಾ ಹೋಗು, ಸದ್ದು ಬದಲಾದಾಗ ಹೇಳು" ಎಂದರು. ಆಕೆ ಇಡೀ ಗೋಡೆ ತಟ್ಟಿದಳು, ಹೇಳಲಾಗಲಿಲ್ಲ. ಅವರು ಅವಳ ಕೈಯನ್ನು ಹಿಂದಕ್ಕೆ ಒಂದು ಗೇಣು ಸರಿಸಿದರು. "ಈಗ ತಟ್ಟು." ಆಕೆ ತಟ್ಟಿ, ನಿಂತು, ಮತ್ತೊಮ್ಮೆ ತಟ್ಟಿದಳು. ನಂತರ ಸೀಮೆಸುಣ್ಣ ಕೇಳಿದಳು.